ಏಳು ದಿನಗಳ ಸೆರೆ: ತಂತ್ರಾಂಶದ ಒಡೆತನಕ್ಕಾಗಿ ನಡೆದ ಹೋರಾಟ

1995ನೆಯ ಇಸವಿಯ ಮೇ ತಿಂಗಳ 10ನೆಯ ದಿನ ಭಾರತದಲ್ಲಿ ಒಂದು ಹೊಸ ವಿಧಿ ಜಾರಿಗೆ ಬಂದಿತು. ತಂತ್ರಾಂಶವೊಂದರ ಕಳ್ಳಪ್ರತಿಯನ್ನು, ಅದು ಕಳ್ಳಪ್ರತಿಯೆಂದು ತಿಳಿದೂ ತಿಳಿದೂ ಗಣಕಯಂತ್ರದಲ್ಲಿ ಬಳಸಿದವನಿಗೆ ಕನಿಷ್ಠ 7 ದಿನ, ಗರಿಷ್ಠ 3 ವರ್ಷಗಳ ಸೆರೆವಾಸ. ಅದರೊಡನೆ 50,000 ರೂಪಾಯಿಗೆ ಕಡಮೆಯಲ್ಲದ, 2 ಲಕ್ಷ ರೂಪಾಯಿಗೆ ಮೀರದ ದಂಡ. 1957ರ ಕೃತಿಸ್ವಾಮ್ಯ ಅಧಿನಿಯಮಕ್ಕೆ ಸಂಸತ್ತು 1994ರಲ್ಲಿ ಮಾಡಿದ ತಿದ್ದುಪಡಿಯಿಂದ ಸೇರಿದ 63-ಬಿ ಪ್ರಕರಣವಿದು. ಇದರ ಅಪೂರ್ವತೆಯನ್ನು ಸ್ವಲ್ಪ ನಿಂತು ಗಮನಿಸಬೇಕು. ಪುಸ್ತಕದ ಕಳ್ಳಮುದ್ರಣದಲ್ಲಿ ಮುದ್ರಿಸಿದವನು ಅಪರಾಧಿ, ಮಾರಿದವನು ಅಪರಾಧಿ. ಅದನ್ನು ಮನೆಗೆ ಒಯ್ದು ಓದಿದವನನ್ನು ನಮ್ಮ ಕಾನೂನು ಎಂದೂ ಸೆರೆಮನೆಗೆ ಕಳುಹಿಸಿದುದಿಲ್ಲ. ತಂತ್ರಾಂಶದ ವಿಷಯದಲ್ಲಿ ಮಾತ್ರ ಬಳಸುವುದೇ ಅಪರಾಧವಾಯಿತು. ಗಣಕಯಂತ್ರವನ್ನು ದೇಶದ ಬಹುಪಾಲು ಜನ ಕಣ್ಣಿನಿಂದಲೂ ಕಂಡಿರದಿದ್ದ ಕಾಲದಲ್ಲಿ ಇಷ್ಟು ನಿಷ್ಠುರವಾದ ಕಾನೂನು ಹೇಗೆ ಹುಟ್ಟಿತು, ಯಾರ ಪ್ರಯತ್ನದಿಂದ ಹುಟ್ಟಿತು, ಅದರ ಫಲ ಯಾರಿಗೆ ದೊರೆಯಿತು, ಯಾರಿಗೆ ದೊರೆಯಲಿಲ್ಲ ಎಂಬ ವೃತ್ತಾಂತ ನಮ್ಮ ಇತ್ತೀಚಿನ ಚರಿತ್ರೆಯಲ್ಲಿ ಯೋಗ್ಯವಾದ ಸ್ಥಾನವನ್ನು ಇನ್ನೂ ಪಡೆದಿಲ್ಲ.

ತಂತ್ರಾಂಶಕ್ಕೆ ಪ್ರತ್ಯೇಕವಾದ ಬೆಲೆಯುಂಟೆಂಬ ಭಾವನೆಯೇ ಬಹಳ ಹಳೆಯದಲ್ಲ. ಯಂತ್ರವನ್ನು ಕೊಂಡವರಿಗೆ ಅದನ್ನು ನಡೆಸುವ ಕ್ರಮವಿಧಿಗಳೂ ಯಂತ್ರದ ಜೊತೆಯಲ್ಲಿಯೇ ಬರುತ್ತಿದ್ದವು. 1969ರ ಜೂನ್‌ನಲ್ಲಿ ಐಬಿಎಂ ಸಂಸ್ಥೆಯು ಯಂತ್ರದ ಬೆಲೆಯನ್ನೂ ತಂತ್ರಾಂಶದ ಬೆಲೆಯನ್ನೂ ಬೇರ್ಪಡಿಸುವುದಾಗಿ ಪ್ರಕಟಿಸಿದ ಮೇಲೆ, ತಂತ್ರಾಂಶವನ್ನು ಬರೆದು ಅದರ ಮಾರಾಟದಿಂದಲೇ ಜೀವಿಸುವ ಒಂದು ಉದ್ಯಮಕ್ಕೆ ನೆಲೆ ದೊರೆಯಿತು. ನೆಲೆ ದೊರೆತ ಸ್ವಲ್ಪ ಕಾಲದಲ್ಲಿಯೇ ಕಲಹವೂ ಮೊದಲಾಯಿತು. 1975ರಲ್ಲಿ ಆಲ್ಟೇರ್ ಎಂಬ ಪುಟ್ಟ ಗಣಕಕ್ಕಾಗಿ ಬಿಲ್ ಗೇಟ್ಸ್, ಪಾಲ್ ಆಲೆನ್ ಮತ್ತು ಅವರ ಸಂಗಡಿಗರು ಬರೆದ ಬೇಸಿಕ್ ಭಾಷೆಯ ಕಾಗದದ ಪಟ್ಟಿಯೊಂದು ಕ್ಯಾಲಿಫೋರ್ನಿಯದ ಹವ್ಯಾಸಿಗಳ ಕೈಗೆ ಸಿಕ್ಕಿ, ಪ್ರತಿಗೆ ಪ್ರತಿಯಾಗಿ ಬೆಳೆದು, ಹೋಮ್‌ಬ್ರೂ ಕಂಪ್ಯೂಟರ್ ಕ್ಲಬ್ಬಿನ ಸಭೆಯಲ್ಲಿ ಕೇಳಿದವರಿಗೆಲ್ಲ ಹಂಚಿಕೆಯಾಯಿತು. 1976ರ ಫೆಬ್ರವರಿ 3ರ ದಿನಾಂಕವನ್ನು ಹೊತ್ತ ಬಹಿರಂಗ ಪತ್ರದಲ್ಲಿ, ಆಗಿನ್ನೂ ಇಪ್ಪತ್ತರ ತರುಣರಾಗಿದ್ದ ಗೇಟ್ಸ್, ಆಲ್ಟೇರ್ ಇಟ್ಟುಕೊಂಡವರಲ್ಲಿ ನೂರಕ್ಕೆ ಹತ್ತು ಮಂದಿಯೂ ಬೇಸಿಕ್ಕನ್ನು ಹಣ ಕೊಟ್ಟು ಪಡೆದಿಲ್ಲವೆಂದೂ, ಅದನ್ನು ರಚಿಸಲು ಬಳಸಿದ ಗಣಕದ ಹೊತ್ತಿನ ಬೆಲೆಯೇ 40,000 ಡಾಲರನ್ನು ಮೀರಿತೆಂದೂ, ತಮ್ಮ ದುಡಿಮೆಗೆ ದಕ್ಕಿದ ಪ್ರತಿಫಲ ಗಂಟೆಗೆ 2 ಡಾಲರಿಗೂ ಕಡಮೆಯೆಂದೂ ಲೆಕ್ಕ ಹಾಕಿ ತೋರಿಸಿದರು. ಹವ್ಯಾಸಿಗಳಲ್ಲಿ ಅನೇಕರಿಗೆ ಈ ಪತ್ರ ಅಪ್ರಿಯವಾಯಿತು. ಹಂಚಿಕೊಂಡು ಕಲಿಯುವುದೇ ವಿದ್ಯೆಯ ಧರ್ಮವೆಂದು ನಂಬಿದವರು ಅವರು. ಆ ನಂಬಿಕೆಯಲ್ಲಿ ಅಪ್ರಾಮಾಣಿಕತೆ ಇದ್ದಿತೆಂದು ಹೇಳಲು ನನಗೆ ಮನಸ್ಸಾಗದು. ಆದರೆ ತಿಂಗಳುಗಟ್ಟಲೆ ಕುಳಿತು ಬರೆದವನ ಅನ್ನದ ಪ್ರಶ್ನೆಗೆ ಅವರಲ್ಲಿ ಉತ್ತರವಿರಲಿಲ್ಲವೆಂಬುದೂ ಅಷ್ಟೇ ನಿಜ. 1980ರಲ್ಲಿ ಅಮೆರಿಕದ ಶಾಸನಸಭೆ ತಂತ್ರಾಂಶವನ್ನು ಕೃತಿಸ್ವಾಮ್ಯದ ಆಶ್ರಯಕ್ಕೆ ಸ್ಪಷ್ಟವಾಗಿ ತಂದಿತು. 1988ರಲ್ಲಿ ಅಲ್ಲಿನ ದೊಡ್ಡ ಸಂಸ್ಥೆಗಳು ಕೂಡಿ ಬಿಸಿನೆಸ್ ಸಾಫ್ಟ್‌ವೇರ್ ಅಲೈಯನ್ಸ್ ಎಂಬ ಒಕ್ಕೂಟವನ್ನು ಕಟ್ಟಿ, ಕಳ್ಳಪ್ರತಿಗಳ ವಿರುದ್ಧದ ಯತ್ನವನ್ನು ದೇಶದೇಶಗಳಿಗೆ ವಿಸ್ತರಿಸಿದವು.

ಭಾರತದ ಶಾಸನವಾದರೋ ಈ ವಿಷಯದಲ್ಲಿ ಹಿಂದೆ ಬಿದ್ದಿರಲಿಲ್ಲ. 1984ರ ಅಕ್ಟೋಬರ್ 8ರಿಂದ ಜಾರಿಗೆ ಬಂದ ತಿದ್ದುಪಡಿಯಲ್ಲಿಯೇ ತಂತ್ರಾಂಶವು ಸಾಹಿತ್ಯಕೃತಿಗಳ ಪಂಕ್ತಿಯಲ್ಲಿ ಸೇರಿತ್ತು. ಸಬ್ ಇನ್ಸ್‌ಪೆಕ್ಟರನಿಗೆ ಕಡಮೆಯಲ್ಲದ ಪೊಲೀಸ್ ಅಧಿಕಾರಿಯು ವಾರಂಟಿಲ್ಲದೆ ಕಳ್ಳಪ್ರತಿಗಳನ್ನು ವಶಪಡಿಸಿಕೊಳ್ಳಬಹುದೆಂಬ ಅಧಿಕಾರವೂ ಆಗಲೇ ದತ್ತವಾಗಿತ್ತು. ಆದರೆ ಗ್ರಂಥದಲ್ಲಿದ್ದ ಕಾನೂನಿಗೂ ಕಚೇರಿಗಳ ಮೇಜಿನ ಮೇಲೆ ನಡೆಯುತ್ತಿದ್ದ ವ್ಯವಹಾರಕ್ಕೂ ಸಂಬಂಧವೇ ಇರಲಿಲ್ಲ. ವರ್ಡ್‌ಸ್ಟಾರ್, ಲೋಟಸ್, ಡಿಬೇಸ್ ಇವುಗಳಿಲ್ಲದೆ ಆ ಕಾಲದ ಗಣಕಶಿಕ್ಷಣವಿಲ್ಲ. ಆದರೆ ಇವುಗಳ ಅಸಲು ಪ್ರತಿಯನ್ನು ಕಂಡವರು ವಿರಳ. ಫ್ಲಾಪಿಯೊಂದು ಕೈಯಿಂದ ಕೈಗೆ, ಕಚೇರಿಯಿಂದ ಕಾಲೇಜಿಗೆ, ಕಾಲೇಜಿನಿಂದ ತರಬೇತಿಯ ಕೇಂದ್ರಕ್ಕೆ ಸಾಗುತ್ತಿದ್ದಿತು. ಇದನ್ನು ಬರಿಯ ದುರಾಸೆಯೆಂದು ತಳ್ಳಿಹಾಕುವುದು ಅನ್ಯಾಯ. ಅಮೆರಿಕದಲ್ಲಿ 495 ಡಾಲರಿಗೆ ಮಾರಾಟವಾಗುತ್ತಿದ್ದ ಲೋಟಸ್ 1-2-3, ಆಗಿನ ವಿನಿಮಯದ ದರದಲ್ಲಿ, ಆಮದಿನ ಸುಂಕವನ್ನು ಬಿಟ್ಟರೂ, ಇಲ್ಲಿಯ ಗುಮಾಸ್ತನೊಬ್ಬನ ಹಲವು ತಿಂಗಳ ಸಂಬಳಕ್ಕೆ ಸಮನಾಗಿದ್ದಿತು. ವಿದೇಶೀ ವಿನಿಮಯಕ್ಕೆ ಅಪ್ಪಣೆ, ಆಮದಿಗೆ ಪರವಾನಗಿ, ಅದರ ಮೇಲೆ ಭಾರಿ ಸುಂಕ — ಪ್ರಾಮಾಣಿಕವಾಗಿ ಕೊಳ್ಳಬೇಕೆಂದು ಹೊರಟವನಿಗೂ ಮಾರ್ಗ ಸುಗಮವಾಗಿರಲಿಲ್ಲ.

ಕಾನೂನಿನ ನೆರವು ದೊರೆಯದೆಡೆಯಲ್ಲಿ ತಂತ್ರಾಂಶವನ್ನು ಬರೆದವರು ತಮ್ಮ ಕೈಲಾದ ಉಪಾಯಗಳನ್ನು ತಾವೇ ಕಂಡುಕೊಂಡರು. 1986ರಲ್ಲಿ ನೆರೆಯ ಲಾಹೋರಿನ ಆಲ್ವಿ ಸಹೋದರರು, ತಾವು ವೈದ್ಯರಿಗಾಗಿ ಬರೆದ ತಂತ್ರಾಂಶವನ್ನು ನಕಲು ಮಾಡುವವರನ್ನು ಹಿಡಿಯಲೆಂದು ಒಂದು ವೈರಸ್ಸನ್ನು ರಚಿಸಿ, ಅದರೊಳಗೆ ತಮ್ಮ ವಿಳಾಸವನ್ನೂ ದೂರವಾಣಿಯನ್ನೂ ಬರೆದಿಟ್ಟರೆಂಬ ಸಂಗತಿ ಜಗತ್ಪ್ರಸಿದ್ಧವಾಗಿದೆ. ಬ್ರೇನ್ ಎಂಬ ಆ ವೈರಸ್ ಲಾಹೋರನ್ನು ದಾಟಿ ಸಮುದ್ರಗಳಾಚೆಯ ಯಂತ್ರಗಳನ್ನು ಹೊಕ್ಕಿತು. ನಮ್ಮ ಕನ್ನಡದ ಮುದ್ರಕರ ಅನುಭವವೂ ಈ ಪ್ರಸಂಗಕ್ಕೆ ದೂರದ್ದಲ್ಲ. ಶ್ರೀಲಿಪಿಯಂತಹ ತಂತ್ರಾಂಶದಲ್ಲಿ ಅಕ್ಷರ ಜೋಡಿಸಿದ ಡಿಟಿಪಿ ಕೇಂದ್ರದವರಿಗೆಲ್ಲ, ಯಂತ್ರದ ಹಿಂಬದಿಯಲ್ಲಿ ಸಿಕ್ಕಿಸಬೇಕಾಗಿದ್ದ ಡಾಂಗಲ್ ಎಂಬ ಪುಟ್ಟ ಬೀಗದ ನೆನಪು ಇದ್ದೇ ಇದೆ. ಅದು ಕೆಟ್ಟ ದಿನ ಹಣ ಕೊಟ್ಟು ಕೊಂಡವನ ಕೆಲಸವೇ ನಿಂತುಹೋಗುತ್ತಿದ್ದಿತು. ಬೀಗವನ್ನು ಒಡೆದ ಪ್ರತಿಯನ್ನು ಬಳಸುವವನಿಗೆ ಆ ತೊಂದರೆಯೇ ಇಲ್ಲ. ಈ ವೈಪರೀತ್ಯವನ್ನು ಕಂಡೇ ಅಮೆರಿಕದ ದೊಡ್ಡ ತಯಾರಕರಲ್ಲಿ ಅನೇಕರು ಎಂಬತ್ತರ ದಶಕದ ಕೊನೆಯ ಹೊತ್ತಿಗೆ ಫ್ಲಾಪಿಯ ಬೀಗಗಳನ್ನು ಕೈಬಿಟ್ಟರು.

ಇಂತಹ ಸಂದರ್ಭದಲ್ಲಿ 1988ರಲ್ಲಿ ತಂತ್ರಾಂಶ ಸಂಸ್ಥೆಗಳ ಸಂಘವಾದ ನ್ಯಾಸ್‌ಕಾಂ ಸ್ಥಾಪಿತವಾಯಿತು. ಅದಕ್ಕೆ ಮುಂಚೆ ತಂತ್ರಾಂಶದ ಸಂಸ್ಥೆಗಳು ಯಂತ್ರ ತಯಾರಕರ ಸಂಘವಾದ ಮೈಟ್‌ನಲ್ಲಿಯೇ ಸೇರಿಕೊಂಡಿದ್ದವು. ಆದರೆ ಯಂತ್ರ ಮಾರುವವರ ಹಿತವೂ ತಂತ್ರಾಂಶ ಬರೆಯುವವರ ಹಿತವೂ ಒಂದೇ ಅಲ್ಲವೆಂಬುದು ಬೇಗನೆ ತಿಳಿದುಬಂದಿತು. ಯಂತ್ರದೊಡನೆ ತಂತ್ರಾಂಶವನ್ನು ಪುಕ್ಕಟೆಯಾಗಿ ತುಂಬಿ ಕೊಡುವುದು ಅಂಗಡಿಯವನಿಗೆ ಗಿರಾಕಿಯನ್ನು ಒಲಿಸುವ ಮಾರ್ಗ, ಬರೆದವನಿಗೆ ಅದು ಸರ್ವನಾಶ. ಮುಂಬಯಿಯಲ್ಲಿ ಕೂಡಿದ 38 ಸಂಸ್ಥೆಗಳು ಬೇರೊಂದು ಸಂಘವನ್ನು ಕಟ್ಟಿಕೊಂಡವು. ಆಗಿನ ಉದ್ಯಮದ ವರಮಾನದಲ್ಲಿ ನೂರಕ್ಕೆ 65ರಷ್ಟು ಅವುಗಳದೇ ಆಗಿದ್ದರೂ, ಆ ಉದ್ಯಮವೇ ಅಲ್ಪವಾಗಿದ್ದಿತು. 1990–91ರಲ್ಲಿ ದೇಶದ ತಂತ್ರಾಂಶ ರಫ್ತಿನ ಮೊತ್ತ ಸುಮಾರು 12.8 ಕೋಟಿ ಡಾಲರುಗಳಷ್ಟೇ. ಬೆಂಗಳೂರಿನ ಪಾತ್ರ ಇದರಲ್ಲಿ ಹಿರಿದು. 1983ರಲ್ಲಿ ಇನ್ಫೋಸಿಸ್ ಈ ನಗರಕ್ಕೆ ಬಂದಿತ್ತು, 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬಂದಿತ್ತು. ನಂದನ್ ನಿಲೇಕಣಿಯವರು ಸಂಘದ ಸ್ಥಾಪಕರಲ್ಲೊಬ್ಬರು, ಎನ್. ಆರ್. ನಾರಾಯಣಮೂರ್ತಿಯವರು 1992ರಿಂದ 1994ರವರೆಗೆ, ಅಂದರೆ ತಿದ್ದುಪಡಿಯ ಮಸೂದೆ ರೂಪು ತಳೆಯುತ್ತಿದ್ದ ಅವಧಿಯಲ್ಲಿಯೇ, ಅದರ ಅಧ್ಯಕ್ಷರು.

ಹೊರಗಿನ ಒತ್ತಡವೂ ಅದೇ ಸಮಯಕ್ಕೆ ಬಂದು ಸೇರಿತು. 1991ರ ಏಪ್ರಿಲ್‌ನಲ್ಲಿ ಅಮೆರಿಕ ಸರ್ಕಾರವು ತನ್ನ ಸ್ಪೆಷಲ್ 301 ಎಂಬ ವಿಧಿಯನ್ವಯ, ಬೌದ್ಧಿಕ ಸ್ವತ್ತಿಗೆ ರಕ್ಷಣೆ ಕೊಡದ ದೇಶಗಳಲ್ಲಿ ಚೀನಾ, ಥಾಯ್ಲೆಂಡ್‌ಗಳೊಡನೆ ಭಾರತವನ್ನೂ ಅಗ್ರಪಂಕ್ತಿಯಲ್ಲಿ ಹೆಸರಿಸಿತು. ಮರುವರ್ಷ ಸುಮಾರು 6 ಕೋಟಿ ಡಾಲರ್ ಬೆಲೆಯ ಭಾರತೀಯ ರಫ್ತಿಗೆ ಇದ್ದ ಸುಂಕದ ರಿಯಾಯಿತಿಯನ್ನು ಹಿಂತೆಗೆದುಕೊಂಡಿತು. ಆ ಜಗಳದ ಮುಖ್ಯ ವಸ್ತು ಔಷಧಗಳ ಪೇಟೆಂಟೇ ಆಗಿದ್ದರೂ, ಅದರ ಬಿಸಿ ತಂತ್ರಾಂಶದ ಪ್ರಶ್ನೆಗೂ ತಟ್ಟಿತು. ದೇಶವು ಚಿನ್ನವನ್ನು ಒತ್ತೆಯಿಟ್ಟು ಸಾಲ ತಂದುದೂ 1991ರಲ್ಲಿಯೇ. ವಿದೇಶೀ ವಿನಿಮಯದ ಬರಗಾಲದಲ್ಲಿದ್ದ ಸರ್ಕಾರಕ್ಕೆ ಅಮೆರಿಕದ ಮಾತನ್ನು ಅಲಕ್ಷಿಸುವುದು ಸುಲಭವಿರಲಿಲ್ಲ. ಹೀಗಾಗಿ ಅನೇಕರು 63-ಬಿ ಪ್ರಕರಣವನ್ನು ವಿದೇಶೀಯರ ಒತ್ತಾಯಕ್ಕೆ ಮಣಿದು ಮಾಡಿದ ಕಾನೂನೆಂದೇ ಭಾವಿಸುತ್ತಾರೆ. ಅದು ಅರ್ಧ ಸತ್ಯವೆಂದು ನನ್ನ ಅಭಿಪ್ರಾಯ. ವಿದೇಶದ ಗಿರಾಕಿಯು ತನ್ನ ಬ್ಯಾಂಕಿನ, ತನ್ನ ವಿಮಾನಸಂಸ್ಥೆಯ ತಂತ್ರಾಂಶದ ಮೂಲ ಬರಹವನ್ನೇ ಸಮುದ್ರಗಳಾಚೆಯ ಅಪರಿಚಿತ ತರುಣರ ಕೈಗೆ ಒಪ್ಪಿಸಬೇಕಾದರೆ, ಆ ತರುಣರ ದೇಶದಲ್ಲಿ ಪರರ ಬರಹದ ಒಡೆತನಕ್ಕೆ ಬೆಲೆಯುಂಟೆಂಬ ಭರವಸೆ ಅವನಿಗೆ ಬೇಕು. ಈ ಭರವಸೆಯನ್ನು ಕಟ್ಟಿಕೊಡುವುದು ಭಾರತೀಯ ಉದ್ಯಮಕ್ಕೆ ಪ್ರಾಣದ ಪ್ರಶ್ನೆಯಾಗಿದ್ದಿತು. ಆದುದರಿಂದಲೇ, ಸ್ವದೇಶದಲ್ಲಿ ಮಾರುವ ಸಿದ್ಧ ತಂತ್ರಾಂಶ ಹೆಚ್ಚೇನೂ ಇಲ್ಲದ ಸಂಸ್ಥೆಗಳು ಕಳ್ಳಪ್ರತಿಗಳ ವಿರುದ್ಧ ಇಷ್ಟು ಉತ್ಸಾಹದಿಂದ ಹೋರಾಡಿದವು.

ಆ ಹೋರಾಟದ ಮುಖವಾಗಿ ನಿಂತವರು ದೇವಾಂಗ್ ಮೆಹತಾ. 1962ರ ಆಗಸ್ಟ್ 10ರಂದು ಗುಜರಾತಿನ ಉಮ್ರೇಠದಲ್ಲಿ ಜನಿಸಿದ ಅವರು ಲೆಕ್ಕಪರಿಶೋಧಕರಾಗಿ ತರಬೇತಿ ಪಡೆದವರು. ಮೂವತ್ತು ತುಂಬುವುದಕ್ಕೆ ಮುಂಚೆಯೇ ನ್ಯಾಸ್‌ಕಾಂನ ಕಾರ್ಯಭಾರ ಅವರ ಹೆಗಲಿಗೆ ಬಂದಿತು. ಮಂತ್ರಿಗಳ ಕೊಠಡಿಗೂ ವರದಿಗಾರರ ಮೇಜಿಗೂ ಒಂದೇ ಸಲುಗೆಯಿಂದ ಹೋಗಬಲ್ಲ, ಅಂಕಿ ಅಂಶಗಳನ್ನು ಜನರ ಬಾಯಲ್ಲಿ ನಿಲ್ಲುವ ಮಾತುಗಳನ್ನಾಗಿ ಮಾಡಬಲ್ಲ ಅಪರೂಪದ ಶಕ್ತಿ ಅವರದು. ಕಾನೂನನ್ನು ಕಡತದಿಂದ ಬೀದಿಗೆ ತಂದವರು ಅವರೆಂದರೆ ಅತಿಶಯವಾಗದು. ಪೊಲೀಸರಿಗೆ ತಂತ್ರಾಂಶವೆಂದರೇನೆಂಬುದನ್ನೇ ಮೊದಲು ತಿಳಿಯಹೇಳಬೇಕಾಗಿದ್ದಿತು. ಕಳುವಾದ ಒಡವೆಯಾದರೆ ಒಡೆಯನ ಪೆಟ್ಟಿಗೆ ಬರಿದಾಗಿರುತ್ತದೆ. ಇಲ್ಲಿ ಒಡೆಯನ ಪ್ರತಿ ಅವನಲ್ಲಿಯೇ ಇದೆ, ಕಳ್ಳನ ಕೈಯಲ್ಲಿರುವುದು ಅದರ ಇನ್ನೊಂದು ರೂಪ. ಹೀಗಿರಲು ಕಳುವಾದುದಾದರೂ ಏನೆಂದು ಠಾಣೆಯ ಅಧಿಕಾರಿಯು ಕೇಳಿದರೆ ಅದು ಅಜ್ಞಾನದ ಪ್ರಶ್ನೆಯಲ್ಲ. ಆ ಪ್ರಶ್ನೆಗೆ ಉತ್ತರ ಹೇಳಿ, ದೆಹಲಿಯ ನೆಹರೂ ಪ್ಲೇಸ್‌ನಂತಹ ಮಾರುಕಟ್ಟೆಗಳಲ್ಲಿ ದಾಳಿಗಳನ್ನು ಏರ್ಪಡಿಸಿ, ಸುಳಿವು ಕೊಡುವವರಿಗಾಗಿ ದೂರವಾಣಿಯ ವ್ಯವಸ್ಥೆ ಮಾಡಿ, ಬಹುಮಾನ ಘೋಷಿಸಿ, ಕಂಪನಿಗಳ ಮುಖ್ಯಸ್ಥರಿಗೆ ಜವಾಬ್ದಾರಿಯನ್ನು ನೆನಪಿಸಿ, ಬಿಸಿನೆಸ್ ಸಾಫ್ಟ್‌ವೇರ್ ಅಲೈಯನ್ಸ್‌ನೊಡನೆ ಕೂಡಿ ಪ್ರಚಾರ ಮಾಡಿ, ಒಂದು ದಶಕದೊಳಗಾಗಿ ನ್ಯಾಸ್‌ಕಾಂ ಈ ವಿಷಯವನ್ನು ಸಾರ್ವಜನಿಕ ಚರ್ಚೆಯ ನಡುವೆ ತಂದು ನಿಲ್ಲಿಸಿತು. ಮೆಹತಾ 2001ರ ಏಪ್ರಿಲ್ 12ರಂದು, ಆಸ್ಟ್ರೇಲಿಯದ ಸಿಡ್ನಿಯಲ್ಲಿ, ಕೇವಲ 38ನೆಯ ವಯಸ್ಸಿನಲ್ಲಿ ತೀರಿಕೊಂಡರು. ಆಗತಾನೆ ಮುಗಿದಿದ್ದ ಆರ್ಥಿಕ ವರ್ಷದ ತಂತ್ರಾಂಶ ರಫ್ತು ಸುಮಾರು 620 ಕೋಟಿ ಡಾಲರುಗಳನ್ನು ಮುಟ್ಟಿತ್ತು.

ಕಾನೂನಿನ ಕಾಠಿಣ್ಯವನ್ನೇ ಹೇಳಿ ಅದರ ಔದಾರ್ಯವನ್ನು ಮರೆಯಬಾರದು. 63-ಬಿ ಪ್ರಕರಣದಲ್ಲಿಯೇ, ಲಾಭಕ್ಕಾಗಿ ಅಥವಾ ವ್ಯಾಪಾರಕ್ಕಾಗಿ ಬಳಸದವನಿಗೆ ಸೆರೆವಾಸವನ್ನು ಬಿಟ್ಟು ದಂಡವನ್ನಷ್ಟೇ ವಿಧಿಸಬಹುದೆಂಬ ವಿವೇಚನೆ ನ್ಯಾಯಾಲಯಕ್ಕೆ ಉಳಿದಿದೆ. 1999ರ ತಿದ್ದುಪಡಿಯು ಇನ್ನೂ ಮುಂದೆ ಹೋಗಿ, ನ್ಯಾಯವಾಗಿ ಪಡೆದ ತಂತ್ರಾಂಶದ ಒಳಗಿನ ತತ್ತ್ವಗಳನ್ನು ಅಭ್ಯಸಿಸುವ, ಬೇರೆ ತಂತ್ರಾಂಶದೊಡನೆ ಅದನ್ನು ಹೊಂದಿಸಲು ಬೇಕಾದ ಮಾಹಿತಿಯನ್ನು ಹೊರತೆಗೆಯುವ, ವ್ಯಾಪಾರೇತರವಾದ ಸ್ವಂತ ಬಳಕೆಗೆ ಪ್ರತಿ ಮಾಡಿಕೊಳ್ಳುವ ಸ್ವಾತಂತ್ರ್ಯವನ್ನು ಕೊಟ್ಟಿತು. ಕಲಿಯುವವನ ಹಕ್ಕನ್ನೂ ಬರೆದವನ ಹಕ್ಕನ್ನೂ ಒಟ್ಟಿಗೆ ಲಕ್ಷ್ಯದಲ್ಲಿಟ್ಟ ಈ ವಿಧಿಗಳು ನಮ್ಮ ಶಾಸನಕಾರರಿಗೆ ಗೌರವ ತರತಕ್ಕವು. ಪ್ರಚಾರದ ಅಬ್ಬರದಲ್ಲಿ ಇವುಗಳನ್ನು ಜನರಿಗೆ ತಿಳಿಸುವ ಕೆಲಸ ಮಾತ್ರ ನಡೆದದ್ದು ಕಡಮೆ.

ದಾಳಿಗಳ ಫಲವೇನೆಂಬುದನ್ನು ಅಳೆಯುವುದು ಸುಲಭವಲ್ಲ. ಅಲೈಯನ್ಸ್ ಪ್ರಕಟಿಸಿದ ಅಂದಾಜುಗಳಂತೆ, 2003ರಲ್ಲಿ ಭಾರತದಲ್ಲಿ ಬಳಕೆಯಲ್ಲಿದ್ದ ತಂತ್ರಾಂಶದಲ್ಲಿ ನೂರಕ್ಕೆ 73 ಭಾಗ ಪರವಾನಗಿಯಿಲ್ಲದ್ದು. ಈ ಪ್ರಮಾಣ 2007ರಲ್ಲಿ 69ಕ್ಕೆ, 2011ರಲ್ಲಿ 63ಕ್ಕೆ, 2017ರಲ್ಲಿ 56ಕ್ಕೆ ಇಳಿಯಿತು. ಅಂದಾಜು ಕೊಟ್ಟವರು ಮೊಕದ್ದಮೆಯಲ್ಲಿ ಒಂದು ಪಕ್ಷದವರೆಂಬುದನ್ನು ನೆನಪಿನಲ್ಲಿಟ್ಟುಕೊಂಡೇ ಇದನ್ನು ಓದಬೇಕು. ಪ್ರತಿಯೊಂದು ಕಳ್ಳಪ್ರತಿಯನ್ನೂ ಕೈತಪ್ಪಿದ ಒಂದು ಮಾರಾಟವೆಂದು ಎಣಿಸಿ ಕೋಟಿಗಟ್ಟಲೆ ನಷ್ಟವನ್ನು ಸಾರುವ ಕ್ರಮವಂತೂ ಒಪ್ಪತಕ್ಕದ್ದಲ್ಲ. ಐದು ಸಾವಿರ ಕೊಡಲಾರದ ವಿದ್ಯಾರ್ಥಿ ನಕಲು ಸಿಗದಿದ್ದರೆ ಕೊಳ್ಳುತ್ತಿರಲಿಲ್ಲ, ಸುಮ್ಮನಿರುತ್ತಿದ್ದನು. 1998ರಲ್ಲಿ ಗೇಟ್ಸ್ ಅವರೇ ಚೀನಾ ದೇಶವನ್ನು ಕುರಿತು ಮಾತನಾಡುತ್ತ, ಹೇಗೂ ಕದಿಯುವವರಾದರೆ ನಮ್ಮದನ್ನೇ ಕದಿಯಲಿ, ಅಭ್ಯಾಸವಾದ ಮೇಲೆ ಹಣ ಪಡೆಯುವ ಬಗೆಯನ್ನು ಮುಂದೆ ಕಂಡುಕೊಳ್ಳೋಣ ಎಂಬ ಅರ್ಥದ ಮಾತನ್ನಾಡಿದರು. ಜಗತ್ತಿನ ಅತಿ ಶ್ರೀಮಂತ ತಂತ್ರಾಂಶ ಸಂಸ್ಥೆಗೆ ಕಳ್ಳಪ್ರತಿಯು ನಷ್ಟವನ್ನು ತಂದಂತೆಯೇ ವ್ಯಾಪ್ತಿಯನ್ನೂ ತಂದಿತೆಂಬುದು ಇದರಿಂದ ಸ್ಪಷ್ಟ.

ನಿಜವಾಗಿ ನೊಂದವರು ಬೇರೆ. ಪುಕ್ಕಟೆಯಾಗಿ ಸಿಗುವ ಲೋಟಸ್ಸಿನ ಎದುರಿಗೆ ತನ್ನ ಸಾವಿರ ರೂಪಾಯಿಯ ತಂತ್ರಾಂಶವನ್ನು ಮಾರಬೇಕಾಗಿದ್ದ ಭಾರತೀಯ ತಯಾರಕನಿಗೆ ಎರಡು ಕಡೆಯಿಂದಲೂ ಪೆಟ್ಟು: ಅವನ ಕೃತಿಯನ್ನೂ ನಕಲು ಮಾಡುವವರಿದ್ದರು, ನಕಲಾದ ವಿದೇಶೀ ಕೃತಿ ಅವನ ಕೃತಿಯ ಬೆಲೆಯನ್ನೇ ಅಪಹಾಸ್ಯ ಮಾಡುತ್ತಿದ್ದಿತು. ವಿದೇಶೀ ಸಂಸ್ಥೆಗೆ ತನ್ನ ದೇಶದ ಮಾರುಕಟ್ಟೆಯ ಆಧಾರವಿತ್ತು, ರಫ್ತು ಮಾಡುವ ಭಾರತೀಯ ಸಂಸ್ಥೆಗೆ ಡಾಲರಿನ ಗಿರಾಕಿಯಿದ್ದನು. ಈ ಬಡ ತಯಾರಕನಿಗೆ ಊರಿನ ಗಿರಾಕಿಯನ್ನು ಬಿಟ್ಟರೆ ಗತಿಯಿರಲಿಲ್ಲ. ದೀರ್ಘಕಾಲದ ಮೊಕದ್ದಮೆಯ ವೆಚ್ಚವನ್ನು ಹೊರಬಲ್ಲವರು, ಎದುರಾಳಿಗೆ ಮುನ್ಸೂಚನೆಯಿಲ್ಲದೆ ಕಮಿಷನರನನ್ನು ಕಳುಹಿಸಿ ಯಂತ್ರಗಳನ್ನು ಪರೀಕ್ಷಿಸುವ ಆಜ್ಞೆಯನ್ನು ಹೈಕೋರ್ಟಿನಿಂದ ಪಡೆಯಬಲ್ಲವರು ದೊಡ್ಡವರೇ. ಕಾನೂನು ಎಲ್ಲರಿಗೂ ಒಂದೇ ಆಗಿತ್ತೆಂಬುದೇನೋ ನಿಜ. ಅದನ್ನು ನಡೆಸುವ ಸಾಮರ್ಥ್ಯ ಎಲ್ಲರಿಗೂ ಒಂದೇ ಆಗಿರಲಿಲ್ಲ.

ಬೆಂಗಳೂರಿನ ಟ್ಯಾಲಿ ಎಂಬ ಲೆಕ್ಕದ ತಂತ್ರಾಂಶದ ಚರಿತ್ರೆಯನ್ನು ಇಲ್ಲಿ ವಿಶೇಷವಾಗಿ ನೆನೆಯಬೇಕು. 1986ರಲ್ಲಿ ಶ್ಯಾಮಸುಂದರ ಗೋಯೆಂಕಾ ಅವರು ತಮ್ಮ ವ್ಯಾಪಾರದ ಲೆಕ್ಕವಿಡಲು ತಕ್ಕ ತಂತ್ರಾಂಶ ಸಿಗದೆ ಹೋದಾಗ, ಗಣಿತದ ಪದವೀಧರರಾದ ತಮ್ಮ ಮಗ ಭರತ್ ಗೋಯೆಂಕಾ ಅವರಿಗೆ ಅದನ್ನು ಬರೆಯಲು ಹೇಳಿದರು. ಪ್ಯೂಟ್ರಾನಿಕ್ಸ್ ಎಂಬ ಸಂಸ್ಥೆಯಿಂದ ಹೊರಟ ಆ ಕೃತಿ, ಕಿರಾಣಿಯ ಸಗಟು ವ್ಯಾಪಾರಿಯಿಂದ ಮೊದಲ್ಗೊಂಡು ಪಟ್ಟಣದ ಲೆಕ್ಕಪರಿಶೋಧಕರವರೆಗೆ ಎಲ್ಲರ ಮೇಜನ್ನೂ ಸೇರಿತು. ಗಣಕದಲ್ಲಿ ಲೆಕ್ಕ ಬರೆಯುವವನ ಉದ್ಯೋಗಕ್ಕೇ ಅದರ ಹೆಸರು ಅಂಟಿಕೊಂಡಿತು. ಅದು ಹಬ್ಬಿದಷ್ಟೇ ಅದರ ಕಳ್ಳಪ್ರತಿಯೂ ಹಬ್ಬಿತು. ಅದನ್ನು ಉಳಿಸಿದುದು ಪೊಲೀಸರ ದಾಳಿಯೆನ್ನುವುದಕ್ಕಿಂತ ತೆರಿಗೆಯ ಕಾನೂನಿನ ಬದಲಾವಣೆಗಳೆನ್ನುವುದು ಹೆಚ್ಚು ಯುಕ್ತವೆಂದು ನನಗೆ ತೋರುತ್ತದೆ. 2005ರ ಏಪ್ರಿಲ್ 1ರಂದು ಕರ್ನಾಟಕದಲ್ಲಿ ವ್ಯಾಟ್ ಜಾರಿಗೆ ಬಂದಿತು, 2017ರ ಜುಲೈ 1ರಂದು ದೇಶಕ್ಕೆಲ್ಲ ಜಿಎಸ್‌ಟಿ ಬಂದಿತು. ಒಂದೊಂದು ಬದಲಾವಣೆಯಲ್ಲಿಯೂ ಹಳೆಯ ಪ್ರತಿ ಕೆಲಸಕ್ಕೆ ಬಾರದಾಗಿ, ಹೊಸದನ್ನು ತಯಾರಕನಿಂದಲೇ ಪಡೆಯಬೇಕಾಯಿತು. ತಂತ್ರಾಂಶವು ಒಮ್ಮೆ ಕೊಂಡು ಮುಗಿಸುವ ವಸ್ತುವಾಗಿರದೆ ವರ್ಷವರ್ಷವೂ ದೊರೆಯುವ ಸೇವೆಯಾದಂತೆಲ್ಲ, ನಕಲಿನ ಆಕರ್ಷಣೆ ತಾನಾಗಿ ಕ್ಷೀಣಿಸಿತು. ಯಂತ್ರದಲ್ಲಿ ಅಸಲು ವಿಂಡೋಸ್ ಮೊದಲೇ ತುಂಬಿ ಬರುವ ಪದ್ಧತಿಯೂ, ಇಂಟರ್‌ನೆಟ್ಟಿನ ಮೂಲಕ ಪರವಾನಗಿಯನ್ನು ಪರೀಕ್ಷಿಸುವ ವ್ಯವಸ್ಥೆಯೂ ಅದೇ ದಿಕ್ಕಿನಲ್ಲಿ ಕೆಲಸ ಮಾಡಿದವು.

ಇತ್ತ ಕನ್ನಡದಲ್ಲಿ ಬೇರೊಂದು ಮಾರ್ಗವೂ ತೆರೆಯಿತು. ಶೇಷಾದ್ರಿವಾಸು ಅವರ ‘ಬರಹ’ ಎಂಬ ತಂತ್ರಾಂಶವೂ, ಸರ್ಕಾರದ ನೆರವಿನಿಂದ ಕನ್ನಡ ಗಣಕ ಪರಿಷತ್ತು ಹೊರತಂದ ‘ನುಡಿ’ ಎಂಬ ತಂತ್ರಾಂಶವೂ ಜನರಿಗೆ ಉಚಿತವಾಗಿ ದೊರೆತು, ನಕಲು ಮಾಡುವುದು ಅಪರಾಧವಾಗದ ರೀತಿಯಲ್ಲಿ ಹಳ್ಳಿಹಳ್ಳಿಯ ಯಂತ್ರಗಳನ್ನು ಸೇರಿದವು. ಭಾಷೆಗೆ ಇದರಿಂದ ಆದ ಉಪಕಾರ ಅಪಾರ. ಆದರೆ ಅಕ್ಷರವಿನ್ಯಾಸವನ್ನೂ ಜೋಡಣೆಯ ತಂತ್ರಾಂಶವನ್ನೂ ಮಾರಿ ಜೀವಿಸಬೇಕೆಂದಿದ್ದ ಕನ್ನಡದ ಸಣ್ಣ ತಯಾರಕರು, ಕಳ್ಳಪ್ರತಿಯ ಪೆಟ್ಟಿನಿಂದ ಚೇತರಿಸಿಕೊಳ್ಳುವ ಮೊದಲೇ, ಬೆಲೆ ಕೊಡುವ ಅಭ್ಯಾಸವೇ ಬೆಳೆಯದ ಮಾರುಕಟ್ಟೆಯಲ್ಲಿ ನಿಂತಿದ್ದರು. ಅವರ ಪರವಾಗಿ ಬಲವಾಗಿ ಮಾತನಾಡಿದ ಸಂಘವೊಂದು ಆ ಕಾಲದಲ್ಲಿ ಇರಲಿಲ್ಲ. ಸ್ವಂತ ತಂತ್ರಾಂಶವನ್ನು ತಯಾರಿಸಿ ಮಾರುವವರು ತಮ್ಮದೇ ಆದ ಐಸ್ಪಿರಿಟ್ ಎಂಬ ವೇದಿಕೆಯನ್ನು ಕಟ್ಟಿಕೊಂಡುದು 2013ರಲ್ಲಿ, ನ್ಯಾಸ್‌ಕಾಂ ಹುಟ್ಟಿ ಕಾಲು ಶತಮಾನ ಕಳೆದ ಮೇಲೆ. ಅದರ ಸ್ಥಾಪಕರಲ್ಲಿ ಭರತ್ ಗೋಯೆಂಕಾ ಅವರೂ ಒಬ್ಬರು. ನ್ಯಾಸ್‌ಕಾಂನ ಹೋರಾಟ ದೇಶದ ಕೀರ್ತಿಯನ್ನು ಕಟ್ಟಿತು, ಲಕ್ಷಾಂತರ ತರುಣರಿಗೆ ಉದ್ಯೋಗ ತಂದ ರಫ್ತಿನ ಮಾರ್ಗವನ್ನು ನಿಷ್ಕಂಟಕಗೊಳಿಸಿತು, ಅದರಲ್ಲಿ ಸಂದೇಹವಿಲ್ಲ. ಅದೇ ಶ್ರದ್ಧೆ ಊರಿನ ಸಣ್ಣ ತಯಾರಕನಿಗೂ ಸಂದಿದ್ದರೆ, ನಮ್ಮ ಭಾಷೆಗಳಲ್ಲಿ ಹುಟ್ಟಿದ ತಂತ್ರಾಂಶಗಳಲ್ಲಿ ಇನ್ನೂ ಹಲವು ಇಂದಿಗೂ ಬದುಕಿರುತ್ತಿದ್ದವು.

ಆ ಸಣ್ಣ ತಯಾರಕರ ದಾಖಲೆಗಳು ಈಗ ವೇಗವಾಗಿ ಕಾಣೆಯಾಗುತ್ತಿವೆ. ಎಂಬತ್ತು ತೊಂಬತ್ತರ ದಶಕಗಳಲ್ಲಿ ಬೆಂಗಳೂರಿನಲ್ಲಾಗಲಿ, ಮೈಸೂರು, ಹುಬ್ಬಳ್ಳಿ, ಮಂಗಳೂರುಗಳಲ್ಲಾಗಲಿ, ಸಹಕಾರ ಸಂಘಕ್ಕೆಂದೋ ಮುದ್ರಣಾಲಯಕ್ಕೆಂದೋ ಆಸ್ಪತ್ರೆಗೆಂದೋ ತಂತ್ರಾಂಶ ಬರೆದು ಮಾರಿದವರು, ಅದರ ಬೆಲೆಪಟ್ಟಿಯನ್ನೋ ಕೈಪಿಡಿಯನ್ನೋ ಫ್ಲಾಪಿಗಳನ್ನೋ ನಕಲುಗಾರರೊಡನೆ ನಡೆಸಿದ ಪತ್ರವ್ಯವಹಾರವನ್ನೋ ಇನ್ನೂ ಇಟ್ಟುಕೊಂಡಿದ್ದರೆ, ದಯಮಾಡಿ ಹಳೆಯ ಕಾಗದದ ರಾಶಿಗೆ ಸೇರಿಸದೆ ಹತ್ತಿರದ ವಿಶ್ವವಿದ್ಯಾನಿಲಯದ ಗ್ರಂಥಾಲಯಕ್ಕೆ ಒಪ್ಪಿಸಬೇಕು. ತಮ್ಮ ಅನುಭವವನ್ನು ನಾಲ್ಕು ಪುಟಗಳಲ್ಲಾದರೂ ಬರೆದು ಅದರ ಜೊತೆಗಿಡಬೇಕು.